ಗ್ರಹಣದ ಮರುದಿನ ಚೆಲ್ಲಿದ ಉಪ್ಪುನೀರು

ಸೋಮವಾರ ಸಂಜೆ ಆರು ನಲವತ್ತಕ್ಕೆ ಗುರುಚರಣ್ ಪುಟ್ಟ ಗಾಜಿನ ನಳಿಕೆಯನ್ನು ಬಣ್ಣದ ಪಟ್ಟಿಯ ಪಕ್ಕ ಹಿಡಿದು ನೋಡುತ್ತಿದ್ದ. ಪರೀಕ್ಷೆಯ ಹನಿ ಬೆರೆಸಿದ ಮೇಲೆ ಹಳದಿ ಇರಬೇಕಾದ ನೀರು ಹಸಿರಾಗಿತ್ತು. ಅಕ್ವೇರಿಯಂನ ಕಲ್ಲಿನ ಹಿಂದೆ ಒಂದು ಬಸವನಹುಳು ಸತ್ತು ಕೊಳೆತು, ಅಮೋನಿಯ ಏರಿತ್ತು. ಕಲ್ಲಿನ ಸಂದಿಯಲ್ಲಿ ಅವನ ಕೆಂಪು ಸೋಲ್ಜರ್ ಮೀನಿನ ಕಿವಿರು ನಿಮಿಷಕ್ಕೆ ನೂರ ಮೂವತ್ತು ಸಲ ಬಡಿಯುತ್ತಿತ್ತು. ಕಾಲು ಭಾಗ ನೀರನ್ನು ಇವತ್ತೇ ಬದಲಿಸದಿದ್ದರೆ ಅದು ಉಳಿಯುವುದು ಕಷ್ಟ.

ಗುರುಚರಣ್‌ಗೆ ಐವತ್ತೆರಡು. ಯಶವಂತಪುರದ ಪೇಂಟ್ ಕಾರ್ಖಾನೆಯೊಂದರಲ್ಲಿ ಲ್ಯಾಬ್ ಕೆಲಸ, ಕೋಗಿಲಿನಲ್ಲಿ ಬಾಡಿಗೆಯ ಮಹಡಿ ಮನೆ. ಹವಳದ ದಿಬ್ಬಗಳ ಈ ಮೀನು ಹಗಲೆಲ್ಲ ಅಡಗಿದ್ದು ಕತ್ತಲಾದ ಮೇಲೆ ಹೊರಬರುವ ಜಾತಿ. ತಾನು ಮನೆಗೆ ಬರುವ ಹೊತ್ತಿಗೆ ಸರಿಯಾಗಿ ತೊಟ್ಟಿಯ ದೀಪ ಆರುವಂತೆ ಅವನು ಟೈಮರ್ ಇಟ್ಟಿದ್ದ. ನಾಲ್ಕು ವರ್ಷದಿಂದ ಅವನ ಊಟ ಮಂಕು ಕೆಂಪು ಬಲ್ಬಿನ ಬೆಳಕಿನಲ್ಲಿ, ಆ ಮೀನಿನ ಎದುರು. ಮನೆಯಲ್ಲಿ ಮಾತಾಡುತ್ತಿದ್ದುದೂ ಅದರ ಜೊತೆಯೇ.

ಉಪ್ಪು ಬೆರೆಸಿದ ಅರವತ್ತು ಲೀಟರ್ ನೀರು ತಾರಸಿಯ ಡ್ರಮ್ಮಿನಲ್ಲಿ ನಿನ್ನೆಯೇ ತಯಾರಿತ್ತು. ಮೇಲೆ ಹೋದ. ಡ್ರಮ್ ಬೋರಲಾಗಿ ಒಣಗುತ್ತಿತ್ತು.

"ನಾನೇ ಚೆಲ್ದೆ ಕಣಪ್ಪ," ಎಂದರು ಬಟ್ಟೆ ತೆಗೆಯುತ್ತಿದ್ದ ಮನೆಯೊಡತಿ ಗಂಗರತ್ನಮ್ಮ. "ರಾತ್ರಿ ಗ್ರಾಣ ಇಡ್ದಿತ್ತಲ್ಲ, ನೀವು ದರ್ಬೆ ಆಕಿರ್ಲಿಲ್ಲ. ಮೈಲಿಗೆ ನೀರು ಯಾರ್ ಇಟ್ಕತಾರೆ? ಕರಿಬೇವಿಗೂ ಎರಡ್ ಚೊಂಬು ಉಯ್ದೆ."

"ಅದು ಸಮುದ್ರದಷ್ಟು ಉಪ್ಪಮ್ಮಾ! ಕರಿಬೇವು ಹೋಯ್ತು ಅನ್ಕೊಳ್ಳಿ. ನನ್ನ ಮೀನೂ ಹೋಗುತ್ತೆ."

ಆಕೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. "ಬೋರ್ ನೀರ್ ಆಗಾಕಿಲ್ವಾ?"

"ಇಲ್ಲ. ಶುದ್ಧ ಮಾಡಿದ್ದೇ ಬೇಕು."

"ಅಂಗಾರೆ ಕ್ಯಾನ್ ಎತ್ಕೊಳ್ಳಿ. ಇಂಗೆ ನಿಂತ್ರೆ ಮೀನ್ ಬದುಕ್ತದಾ?"

ಬೀದಿ ಕೊನೆಯ ಕುಡಿಯುವ ನೀರಿನ ಘಟಕದಿಂದ ಇಬ್ಬರೂ ಮೂರು ಕ್ಯಾನ್ ಹೊತ್ತು ತಂದರು. ಅವನು ಉಪ್ಪು ತೂಗಿ ಸುರಿದು, ಪಂಪ್ ಹಾಕಿ ಒಂದು ಗಂಟೆ ಕಲಕಿ, ಉಪ್ಪಿನ ಅಳತೆ ನೋಡಿ, ಹಳೆಯ ನೀರು ತೆಗೆದು ಹೊಸದನ್ನು ನಿಧಾನಕ್ಕೆ ಬಿಟ್ಟ. ಆಕೆ ಕೆಳಗಿನ ತಮ್ಮ ಮನೆಗೆ ಹೋಗಲಿಲ್ಲ. ಮೀನು ಬರೋವರೆಗೂ ಕೂತಿರ್ತೀನಿ ಎಂದು, ತೊಟ್ಟಿಯ ಎದುರಿದ್ದ ಎರಡನೆಯ ಕುರ್ಚಿಯ ಮೇಲಿದ್ದ ಹಳೆ ಪೇಪರ್ ಕಟ್ಟನ್ನು ಇಳಿಸಿ ಕೂತರು.

ಒಂಬತ್ತೂವರೆಗೆ ಮೀನು ಸಂದಿಯಿಂದ ಮೂತಿ ಚಾಚಿತು. ಆಮೇಲೆ ಪೂರ್ತಿ ಹೊರಬಂದು ಒಂದು ಸುತ್ತು ಹಾಕಿತು.

"ಅಯ್ಯ, ಕಣ್ ನೋಡು! ಎಮ್ಮೆ ಕರು ಕಣ್ಣಿದ್ದಂಗದೆ," ಎಂದು ನಕ್ಕರು ಗಂಗರತ್ನಮ್ಮ. ಕೈಗೆ ಹತ್ತಿದ ಧೂಳು ಒರೆಸಿಕೊಳ್ಳುತ್ತ ಕೇಳಿದರು, "ಈ ಕುರ್ಚಿ ಮ್ಯಾಲೆ ಯಾರಾದ್ರೂ ಕೂತು ಎಷ್ಟ್ ದಿನ ಆಯ್ತಪ್ಪ?"

ಗುರುಚರಣ್ ಯೋಚಿಸಬೇಕಾಗಲಿಲ್ಲ.

"ನಾನೂರ ಹದಿನಾರು."