ಗಿಡ್ಡಕ್ಕನ ಹದಿನಾರನೇ ಜಾಗ

ನಾನು ಕ್ಷೌರದ ಅಂಗಡಿಯವನು. ಮಾತು ನನ್ನ ಕಸುಬಿನ ಅರ್ಧ ಭಾಗ, ಆದ್ದರಿಂದ ಇದು ಸ್ವಲ್ಪ ಉದ್ದವಾದರೆ ಬೇಸರ ಮಾಡಿಕೊಳ್ಳಬೇಡಿ. ಹೇಳಹೊರಟಿರುವುದು ನನ್ನ ಹೆಂಡತಿಯ ವಿಷಯ. ಅವಳು ಪೂಲ್ ಆಡುತ್ತಾಳೆ. ಹೌದು, ಅದೇ. ಹಸಿರು ಬಟ್ಟೆಯ ಮೇಜು, ಬಣ್ಣಬಣ್ಣದ ಚೆಂಡು, ಆರು ತೂತು, ಒಂದು ಉದ್ದ ಕೋಲು. ಹೊತ್ತು ಹೋಗದವರ ಆಟ ಅಂತ ಮೂಗು ಮುರಿಯುವವರಿದ್ದರೆ ಈಗಲೇ ಎದ್ದು ಹೋಗಬಹುದು. ಮೂವತ್ತು ವರ್ಷದಿಂದ ಅವಳಿಗೆ ಅದೇ ಉದ್ಯೋಗ. ಕತ್ತರಿ ಹಿಡಿದ ನಾನು ಮನೆಗೆ ಉಪ್ಪು ತಂದಿದ್ದರೆ, ಕೋಲು ಹಿಡಿದ ಅವಳು ಉಳಿದದ್ದೆಲ್ಲ ತಂದಿದ್ದಾಳೆ.

ಅವಳ ಅಣ್ಣ ಆ ಮೇಜುಗಳಿಗೆ ಬಟ್ಟೆ ಹೊದಿಸುವವನು. ನನ್ನ ಅಂಗಡಿ ಎದುರಿನ ಪೂಲ್ ಹಾಲಿಗೆ ಅವನ ಜೊತೆ ಕೆಲಸಕ್ಕೆ ಬಂದಾಗ ಅವಳಿಗೆ ಹತ್ತೊಂಬತ್ತು. ಹಳೇ ಬಟ್ಟೆ ಕಿತ್ತು, ಕಲ್ಲಿನ ಹಾಸು ಒರೆಸಿ, ಹೊಸ ಬಟ್ಟೆ ಬಿಗಿಯಾಗಿ ಎಳೆದು ಕೂರಿಸುವುದು ಅಣ್ಣನ ಕೆಲಸ. ಎಲ್ಲಾದರೂ ಸುಕ್ಕಿದೆಯೇ, ಮೇಜು ಯಾವ ಕಡೆಗಾದರೂ ವಾಲಿದೆಯೇ ಎಂದು ನಾಲ್ಕೂ ಮೂಲೆಯಿಂದ ಚೆಂಡು ಹೊಡೆದು ನೋಡುವುದು ತಂಗಿಯ ಕೆಲಸ. ಹೀಗೆ ನೋಡುತ್ತಾ ನೋಡುತ್ತಾ ಅವಳ ಕೈ ಪಳಗಿತು. ಒಂದು ದಿನ ಪೂಲ್ ಹಾಲಿನ ಖಾಯಂ ಗಿರಾಕಿಯೊಬ್ಬ ತಮಾಷೆಗೆಂದು ಅವಳನ್ನು ಆಟಕ್ಕೆ ಕರೆದ. ಆ ವಾರ ಮುಗಿಯುವುದರೊಳಗೆ ಅಲ್ಲಿದ್ದ ಘಟಾನುಘಟಿಗಳೆಲ್ಲ ಮಣ್ಣು ಮುಕ್ಕಿದ್ದರು.

ನಾನೋ, ಗಿರಾಕಿಯ ಮುಖಕ್ಕೆ ಸೋಪು ಹಚ್ಚಿ, ಬ್ಲೇಡು ಕೈಯಲ್ಲಿ ಹಿಡಿದು, ಕಿಟಕಿಯಿಂದ ಅವಳ ಆಟ ನೋಡುತ್ತಾ ನಿಂತುಬಿಡುತ್ತಿದ್ದೆ. ಸೋಪು ಒಣಗಿ ಮುಖವೆಲ್ಲ ಕೆರೆತ ಶುರುವಾದಾಗ ಒಬ್ಬ ಹಿರಿಯರು ರೇಗಿದರು: "ಮೊದ್ಲು ಹೋಗಿ ಅವಳನ್ನ ಮದುವೆ ಆಗಯ್ಯಾ. ಆಮೇಲೆ ಬಂದು ನನ್ನ ಗಡ್ಡ ಹೆರೆ." ಹಿರಿಯರ ಮಾತು ಮೀರಬಾರದು ನೋಡಿ, ಆದೆ.

ನನ್ನ ಹೆಂಡತಿ ನನ್ನ ಎದೆಮಟ್ಟಕ್ಕೂ ಬರುವುದಿಲ್ಲ. ಪೂಲ್ ಹಾಲಿನವರೆಲ್ಲ ಕರೆಯುವುದೇ ಗಿಡ್ಡಕ್ಕ ಎಂದು. ಹೊಡೆಯುವಾಗ ಒಂದು ಕಾಲಾದರೂ ನೆಲದ ಮೇಲಿರಬೇಕು ಎನ್ನುವುದು ಆಟದ ನಿಯಮ. ಉದ್ದ ಇರುವವರು ಬಾಗಿ ಹೊಡೆಯುವ ಚೆಂಡು ಇವಳಿಗೆ ಎಟಕುತ್ತಿರಲಿಲ್ಲ. ಅದಕ್ಕೇ ಎಡಗೈಯಲ್ಲೂ ಹೊಡೆಯುವುದನ್ನು ಕಲಿತಳು. ಕೋಲನ್ನು ನೆಟ್ಟಗೆ ನಿಲ್ಲಿಸಿ ಹೊಡೆದು, ಚೆಂಡನ್ನು ಅರ್ಧಚಂದ್ರದ ಹಾಗೆ ತಿರುಗಿಸುವುದನ್ನೂ ಕಲಿತಳು. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಅಂತ ಗಾದೆ ಕಟ್ಟಿದವನು ಇವಳನ್ನು ನೋಡಿಯೇ ಕಟ್ಟಿರಬೇಕು.

ಆಡು ಮುಟ್ಟದ ಸೊಪ್ಪಿಲ್ಲ, ಇವಳು ಆಡದ ಮೇಜಿಲ್ಲ. ಎಂಟು ಚೆಂಡಿನ ಆಟದಲ್ಲಿ ಎರಡು ಸಲ ಕಪ್ ಗೆದ್ದಳು. ಸ್ನೂಕರಿನ ದೊಡ್ಡ ಮೇಜಿಗೂ ಇಳಿದಳು. ತೂತೇ ಇಲ್ಲದ ಮೇಜಿನಲ್ಲಿ ಪಿಂಚಣಿ ಮುದುಕರ ಜೊತೆ ಕೂಡಿ, ಚೆಂಡನ್ನು ಮೂರು ಅಂಚಿಗೆ ತಾಗಿಸಿ ಹೊಡೆಯುವ ಆಟವನ್ನೂ ಬಿಡಲಿಲ್ಲ. ಒಮ್ಮೆ ಮಧ್ಯಾಹ್ನ ಪಂದ್ಯ ಸೋತು, ಸಂಜೆ ಗಂಟಲು ಕಟ್ಟಿದ್ದ ಕಾಮೆಂಟರಿಯವನ ಬದಲಿಗೆ ಮೈಕು ಹಿಡಿದಳು. "ಮಧ್ಯಾಹ್ನ ಒಬ್ಬ ಹೆಂಗಸು ಇದೇ ಚೆಂಡನ್ನ ಎಂಥಾ ದಡ್ಡತನದಲ್ಲಿ ಹೊಡೆದಳು ಅಂತೀರಾ!" ಎಂದು ತನ್ನನ್ನೇ ಬೈದುಕೊಂಡಳು. ಜನ ಬಿದ್ದು ಬಿದ್ದು ನಕ್ಕರು.

ನಮಗೆ ಒಬ್ಬಳೇ ಮಗಳು. ಎತ್ತರದಲ್ಲಿ ನನ್ನ ಹಾಗೆ, ಉಳಿದದ್ದರಲ್ಲಿ ತಾಯಿಯೇ. ನೂಲಿನಂತೆ ಸೀರೆ ಅನ್ನುತ್ತಾರಲ್ಲ, ಹಾಗೆ. ಏಳನೇ ವಯಸ್ಸಿಗೆ ಕೋಲು ಹಿಡಿದಳು, ಕಲಿಸಿದವಳು ತಾಯಿ. ಆದರೆ ಅವರಿಬ್ಬರ ನಡುವೆ ಒಂದು ತಕರಾರಿತ್ತು. ಈ ಆಟದಲ್ಲಿ ಚೆಂಡನ್ನು ತೂತಿಗೆ ಹಾಕುವುದು ಕಷ್ಟ ಎನಿಸಿದರೆ, ಕೋಲಿನಿಂದ ಹೊಡೆಯುವ ಬಿಳಿ ಚೆಂಡನ್ನು ಮೆಲ್ಲಗೆ ಕೊಂಡೊಯ್ದು ಇನ್ನೊಂದು ಚೆಂಡಿನ ಹಿಂದೆ ಅಡಗಿಸಿ ಬರಬಹುದು. ಎದುರಾಳಿಗೆ ಆಗ ತಾನು ಹೊಡೆಯಬೇಕಾದ ಚೆಂಡೇ ಕಾಣುವುದಿಲ್ಲ. ಹಾಲಿನಲ್ಲಿ ಇದಕ್ಕೆ ಅಡ್ಡ ಹಾಕುವುದು ಅನ್ನುತ್ತಾರೆ. ಊರಿಗೆಲ್ಲ ಅಡ್ಡ ಹಾಕಿದ ನನ್ನ ಹೆಂಡತಿ ಮಗಳಿಗೆ ಮಾತ್ರ ಒಂದು ದಿನವೂ ಹಾಕಲಿಲ್ಲ. "ಕಲಿಯೋ ಮಕ್ಕಳಿಗೆ ದಾರಿ ಬಿಡಬೇಕು ಕಣ್ರೀ" ಎನ್ನುತ್ತಿದ್ದಳು. ಮಗಳಿಗೆ ಇಪ್ಪತ್ತೆರಡಾದರೂ ದಾರಿ ಬಿಡುವುದು ನಿಲ್ಲಲಿಲ್ಲ. ಮಗಳು ನನ್ನ ಹತ್ತಿರ ಬಂದು ಸಿಡಿಮಿಡಿಗುಟ್ಟುತ್ತಿದ್ದಳು: "ಅಮ್ಮ ನನ್ನನ್ನ ಆಡಿಸ್ತಾಳೆ ಅಪ್ಪಾ. ನನ್ನ ಜೊತೆ ಆಡೋದಿಲ್ಲ."

ಇಷ್ಟರಲ್ಲಿ ನನ್ನ ಹೆಂಡತಿಗೆ ಐವತ್ತೊಂದಾಯಿತು. ವೃತ್ತಿ ಆಟಗಾರರ ಪಟ್ಟಿಯಲ್ಲಿ ಹದಿನಾರೇ ಜನ. ಅದರಲ್ಲಿ ಹೆಸರಿದ್ದರೆ ವರ್ಷವಿಡೀ ಪಂದ್ಯ, ಇಲ್ಲದಿದ್ದರೆ ಮನೆ. ಆ ವರ್ಷ ಅವಳು ಹದಿನೇಳಕ್ಕೆ ಇಳಿದಳು. ಮೊದಲ ಹದಿನೈದು ಜನ ನೇರವಾಗಿ ಉಳಿದರು; ಖಾಲಿ ಬಿಟ್ಟದ್ದು ಕೊನೆಯ ಒಂದೇ ಜಾಗ, ಅದಕ್ಕೊಂದು ಅರ್ಹತಾ ಪಂದ್ಯಾವಳಿ. ನನ್ನ ಹೆಂಡತಿ ಒಂದು ಕಡೆಯಿಂದ ಗೆಲ್ಲುತ್ತಾ ಬಂದಳು. ಇನ್ನೊಂದು ಕಡೆಯಿಂದ ಗೆಲ್ಲುತ್ತಾ ಬಂದವಳು ಯಾರು ಅಂತೀರಿ? ನನ್ನ ಮಗಳು! ನನ್ನ ಪಾಡು ಅಡಕತ್ತರಿಯಲ್ಲಿ ಸಿಕ್ಕಿದ ಅಡಿಕೆಯಾಯಿತು.

ಪಂದ್ಯದ ದಿನ ಬೆಳಗ್ಗೆ ಮಗಳು ಸ್ನಾನಕ್ಕೆ ಹೋದ ಹೊತ್ತು ನೋಡಿ ಹೆಂಡತಿಯ ಹತ್ತಿರ ಸರಿದೆ. "ಏನೇ, ನೀನು ಮೂವತ್ತು ವರ್ಷ ಆಡಿದ್ದೀಯ. ಮಗು ಇನ್ನೂ ಈಗ ಕಣ್ಣು ಬಿಡ್ತಾ ಇದೆ. ಇವತ್ತೊಂದು ದಿನ..."

"ಇವತ್ತೊಂದು ದಿನ ಏನ್ರೀ?"

"ಒಂಚೂರು ಬಿಟ್ಟುಕೊಡಬಾರದಾ?"

ಅವಳು ಕೋಲು ಒರೆಸುವುದನ್ನು ನಿಲ್ಲಿಸಿದಳು. "ಆ ಜಾಗ ಹೋದ್ರೆ ನಾನು ಸುಮ್ನೆ ಮನೇಲಿ ಕೂತ್ಕೋಬೇಕು. ನನಗೆ ಇನ್ನೂ ಆಡಬೇಕು ರೀ, ಸಾಯೋಷ್ಟು ಆಸೆ ಇದೆ. ಆದ್ರೆ ಎದುರಿಗೆ ಅವಳು ನಿಂತ್ರೆ ಕೈ ಮಾತು ಕೇಳುತ್ತೋ ಇಲ್ವೋ ಗೊತ್ತಿಲ್ಲ. ಅದರ ಮೇಲೆ ನಿಮ್ಮದೊಂದು!" ಅವಳ ಕಣ್ಣು ತುಂಬಿದ್ದು ನೋಡಿ ನಾನು ಮೆಲ್ಲಗೆ ಅಡುಗೆಮನೆಗೆ ಜಾರಿಕೊಂಡೆ. ಇಷ್ಟು ವರ್ಷ ಮಾತಾಡಿಯೇ ಬದುಕಿದ ನಾನು ಪಂದ್ಯಕ್ಕೆ ಹೊರಟ ಬಸ್ಸಿನಲ್ಲಿ ತುಟಿ ಪಿಟಕ್ ಎನ್ನಲಿಲ್ಲ.

ಆಡಿದ್ದು ಒಂಬತ್ತು ಚೆಂಡಿನ ಆಟ. ಮೇಜಿನಲ್ಲಿರುವ ಅತಿ ಸಣ್ಣ ನಂಬರಿನ ಚೆಂಡನ್ನೇ ಮೊದಲು ಮುಟ್ಟಬೇಕು, ಒಂಬತ್ತನ್ನು ಬೀಳಿಸಿದವರಿಗೆ ಆ ಆಟ. ಒಂಬತ್ತು ಆಟ ಮೊದಲು ಗೆದ್ದವರಿಗೆ ಪಂದ್ಯ. ಮಧ್ಯಾಹ್ನ ಎರಡಕ್ಕೆ ಶುರುವಾದದ್ದು ನಾಲ್ಕಕ್ಕೆ ಎಂಟು-ಎಂಟು. ನಾನು ಇಬ್ಬರಿಗೂ ಚಪ್ಪಾಳೆ ತಟ್ಟಿ ತಟ್ಟಿ ಅಂಗೈ ಕೆಂಪಾಗಿತ್ತು. ಪಕ್ಕದ ಕುರ್ಚಿಯವನು "ನೀವು ಯಾವ ಪಾರ್ಟಿ ಸ್ವಾಮೀ?" ಎಂದು ಕೇಳಿಯೂಬಿಟ್ಟ.

ಕೊನೆಯ ಆಟ. ಮೇಜಿನ ಮೇಲೆ ಏಳು, ಎಂಟು, ಒಂಬತ್ತು ಮಾತ್ರ. ಸರದಿ ನನ್ನ ಹೆಂಡತಿಯದು. ಏಳು ದೂರದಲ್ಲಿತ್ತು, ಓರೆಯಾಗಿತ್ತು. ಹೊಡೆಯಬಹುದು, ಆದರೆ ತಪ್ಪುವ ಸಂಭವವೇ ಹೆಚ್ಚು. ತಪ್ಪಿದರೆ ಮಗಳಿಗೆ ದಾರಿ ಸಲೀಸು, ಮತ್ತು ತಾಯಿ ಬೇಕೆಂದೇ ತಪ್ಪಿಸಿದಳು ಎಂದು ಜಗತ್ತಿನಲ್ಲಿ ಯಾರೂ ಹೇಳುವಂತಿಲ್ಲ. ಅಯ್ಯೋ, ಹೊಡೆದು ತಪ್ಪಿಸುತ್ತಾಳೆ, ನನ್ನ ಮಾತು ಕೇಳಿಯೇ ತಪ್ಪಿಸುತ್ತಾಳೆ ಎಂದುಕೊಳ್ಳುತ್ತಾ ಕುರ್ಚಿಯ ತುದಿಗೆ ಸರಿದೆ. ಬೆಳಗ್ಗೆ ಆಡಿದ ಮಾತನ್ನು ವಾಪಸು ನುಂಗಲಾಗಿದ್ದರೆ ನುಂಗಿಬಿಡುತ್ತಿದ್ದೆ.

ಅವಳು ಮೇಜಿನ ಸುತ್ತ ಒಂದು ಸುತ್ತು ಬಂದಳು. ಮಗಳ ಮುಖ ನೋಡಿದಳು. ಬಾಗಿದಳು. ಮೆಲ್ಲಗೆ, ಮಗುವಿನ ಕೆನ್ನೆ ತಟ್ಟಿದ ಹಾಗೆ ಬಿಳಿ ಚೆಂಡನ್ನು ಮುಟ್ಟಿದಳು. ಏಳು ಉರುಳಿ ಆಚೆ ತುದಿಗೆ ಹೋಯಿತು, ಬಿಳಿ ತೆವಳಿಕೊಂಡು ಬಂದು ಒಂಬತ್ತರ ಬೆನ್ನಿಗೆ ಅಂಟಿ ನಿಂತಿತು. ಅಡ್ಡ! ಮಗಳಿಗೆ ಏಳು ಸಾಸಿವೆಯಷ್ಟೂ ಕಾಣುವಂತಿರಲಿಲ್ಲ.

ಮಗಳು ಎದ್ದು ಬಂದು ನೋಡಿದಳು. ಅವಳ ಮುಖ ಅರಳಿತು. ಪಂದ್ಯ ಕೈಜಾರುವಾಗ ಅಷ್ಟು ಖುಷಿಪಟ್ಟವರನ್ನು ನಾನು ಕಂಡಿಲ್ಲ. ಬಿಳಿಯನ್ನು ಎರಡು ಅಂಚಿಗೆ ಬಡಿದು, ಮೇಜಿನ ಉದ್ದಕ್ಕೂ ಓಡಿಸಿ, ಏಳಕ್ಕೆ ಟಣ್ ಎನ್ನಿಸಿಯೇಬಿಟ್ಟಳು! ಜನ ಕುರ್ಚಿ ಬಿಟ್ಟೆದ್ದರು. ಆದರೆ ಏಳು ಮೂಲೆಯ ತೂತಿನ ತುಟಿಗೆ ಬಂದು ನಿಂತಿತು, ಬೀಳಲಿಲ್ಲ. ನನ್ನ ಹೆಂಡತಿ ಅದನ್ನು ಹಾಕಿದಳು, ಎಂಟನ್ನು ಹಾಕಿದಳು, ಕೊನೆಗೆ ಒಂಬತ್ತನ್ನೂ ಹಾಕಿದಳು. ಹದಿನಾರನೇ ಜಾಗ ಅವಳದಾಯಿತು.

ಮಗಳು ಓಡಿಬಂದು ತಾಯಿಯನ್ನು ಎತ್ತಿಕೊಂಡು ಗಿರಗಿರ ತಿರುಗಿಸಿದಳು. "ಅಪ್ಪಾ, ನೋಡಿದ್ಯಾ? ನನಗೆ ಅಡ್ಡ ಹಾಕಿದ್ಲು! ಅಮ್ಮ ನನಗೆ ಅಡ್ಡ ಹಾಕಿದ್ಲು!"

"ಇಳಿಸೇ, ಸೊಂಟ ಹಿಡ್ಕೊಳುತ್ತೆ" ಎಂದು ನನ್ನ ಹೆಂಡತಿ ಕಾಲು ಆಡಿಸಿದಳು. ನೆಲಕ್ಕಿಳಿದ ಮೇಲೆ ಮಗಳ ಕೈ ಹಿಡಿದುಕೊಂಡಳು. "ಏನ್ ಮಾಡಲಿ ಕಣೇ, ಭಯ ಆಗೋಯ್ತು. ದಾರಿ ಬಿಟ್ಟಿದ್ರೆ ನೀನು ಹೊಡೆದೇ ಹೊಡೀತಿದ್ದೆ."