ಕಟ್ಟೆಯ ಮೇಲಿನ ಮೊರ

ಮೊನ್ನೆ ಊಟ ಮಾಡುವಾಗ ಹಲ್ಲಿಗೆ ಕಟಕ್ಕನೆ ಒಂದು ಕಲ್ಲು ಸಿಕ್ಕಿತು. ಪ್ಯಾಕೆಟ್ ಅಕ್ಕಿ ಬಂದ ಮೇಲೆ ಬೆಳಗಾವಿಯ ನಮ್ಮ ಮನೆಯಲ್ಲಿ ಅನ್ನದಲ್ಲಿ ಕಲ್ಲು ಸಿಗುವುದೇ ನಿಂತುಹೋಗಿದೆ. ಇದು ಖಾನಾಪುರದಿಂದ ತಮ್ಮ ಕಳಿಸಿದ ಹೊಸ ಅಕ್ಕಿ. ಸೊಸೆ ಪಾಪ, ಮುಖ ಸಣ್ಣದು ಮಾಡಿಕೊಂಡಳು. ನಾನು ಕಲ್ಲನ್ನು ತಾಟಿನ ಅಂಚಿಗಿಟ್ಟು ನೋಡುತ್ತ ಕುಳಿತೆ... ಖಾನಾಪುರದ ನಮ್ಮ ತವರಿನ ಬಾಜೂ ಮನೆಯ ಮಾವಶಿ ನೆನಪಾದಳು. ಮಾವಶಿ ಎಂದರೆ ಚಿಕ್ಕಮ್ಮ, ಓಣಿಯವರೆಲ್ಲ ಆಕೆಯನ್ನು ಹಾಗೇ ಕರೆಯುತ್ತಿದ್ದರು.

ನನ್ನ ಪಿತ್ತಕೋಶದ ಆಪರೇಷನ್ ಆಗಿ ಐದು ವಾರವಾಯಿತು. ಗಾಯ ಮಾಯ್ದಿದೆ, ಎಲ್ಲ ಸರಿಯಿದೆ ಎಂದು ಡಾಕ್ಟರು ಹೇಳಿದ್ದಾರೆ. ಆದರೂ ತಲೆ ಬಾಚಿಕೊಳ್ಳುವಾಗ ಅರ್ಧಕ್ಕೇ ಕೈ ಇಳಿದುಬಿಡುತ್ತದೆ. ಸ್ನಾನ ಮುಗಿಸಿ ಮಂಚದ ಅಂಚಿಗೆ ಕುಳಿತವಳು ಒದ್ದೆ ಕೂದಲಲ್ಲೇ ನಿದ್ದೆ ಹೋಗಿರುತ್ತೇನೆ. ನಮ್ಮವ್ವನಿಗೂ ಹೀಗೇ ಆಗಿತ್ತು.

ಆಗ ನಾನಿನ್ನೂ ಕಾಲೇಜಿನಲ್ಲಿದ್ದೆ. ಅವ್ವನ ಗರ್ಭಕೋಶ ತೆಗೆಸಿ ಬೆಳಗಾವಿಯಿಂದ ಖಾನಾಪುರಕ್ಕೆ ಕರೆತಂದಿದ್ದೆವು. ಹೊಲಿಗೆ ಬಿಚ್ಚಿದ ಸುದ್ದಿ ಓಣಿಗೆ ಮುಟ್ಟಿದ್ದೇ ತಡ, ಮಾತಾಡಿಸಲು ಬರುವವರ ಸಾಲು ಹತ್ತಿತು. ನಮ್ಮ ಕಡೆ ಇದು ಬಿಡಲಾಗದ ಪದ್ಧತಿ. ಬಾಳೆಹಣ್ಣು ಹಿಡಿದು ಬಂದವರು ಚಹಾ ಕುಡಿಯದೆ ಏಳುವಂತಿಲ್ಲ. ಮಲಗಿದವರು ಎದ್ದು ಕೂತು, ಹೊಟ್ಟೆನೋವು ಶುರುವಾದ ದಿನದಿಂದ ಹಿಡಿದು ಕಥೆಯೆಲ್ಲ ಹೇಳಬೇಕು. ಅವ್ವ ದಿನಕ್ಕೆ ನಾಲ್ಕೈದು ಸಲ ಹೇಳುತ್ತಿದ್ದಳು. ಹಗಲು ಮಲಗಿದ್ದನ್ನು ಕಂಡರೆ ಜನ ಮೈಗಳ್ಳಿ ಅಂದಾರು ಎಂಬ ಹೆದರಿಕೆ ಆಕೆಗೆ. ಒಂದು ದಿನ ಮಾತಿನ ನಡುವೆಯೇ ಕಣ್ಣಿಗೆ ಕತ್ತಲೆ ಬಂದು ಗೋಡೆಗೆ ವಾಲಿದಳು.

ಮರುದಿನ ಮಧ್ಯಾಹ್ನ ಮಾವಶಿ ನಮ್ಮ ಕಟ್ಟೆಯ ಮೇಲೆ ಚಾಪೆ ಹಾಸಿ, ಮೊರದ ತುಂಬ ಅಕ್ಕಿ ಇಟ್ಟುಕೊಂಡು, ಬಾಗಿಲಿಗೆ ಅಡ್ಡ ಕೂತಳು. ಆಕೆಯ ಮನೆಮಾತು ಮರಾಠಿ. ಅರಿವಳಿಕೆಗೆ ‘ಭೂಲ್’ ಎನ್ನುತ್ತಿದ್ದಳು.

“ಭೂಲ್ ಕೊಟ್ಟಾಗ ಮೈಯಾಗಿನ ಎಚ್ಚರ ಎಲ್ಲಾ ಹೊರಗ ಬಿದ್ದಿರ್ತೈತಿ,” ಎಂದು ನನಗೆ ತಿಳಿಸಿ ಹೇಳಿದಳು. “ಆಪರೇಷನ್ ಆಗಿದ್ದು ಬೆಳಗಾಂವದಾಗ. ಅದು ಅಲ್ಲಿಂದ ನಡಕೋತ ಬರಬೇಕು. ನಿಮ್ಮವ್ವಂದು ಇನ್ನೂ ಹಾದ್ಯಾಗಿನ ದೇಸೂರನೂ ದಾಟಿಲ್ಲ.”

ಬಂದವರನ್ನು ಆಕೆ ಚಾಪೆಯ ಮೇಲೇ ಕೂರಿಸುತ್ತಿದ್ದಳು. ಅವ್ವನಿಗೆ ಈಗಷ್ಟೇ ಕಣ್ಣು ಹತ್ತಿವೆ ಎನ್ನುತ್ತಿದ್ದಳು. ತನ್ನ ಮನೆಯಿಂದ ಚಹಾ ತರಿಸಿ, ಅವ್ವ ಹೇಳಬೇಕಾದ ಕಥೆಯನ್ನು ತಾನೇ ರಂಗಾಗಿ ಹೇಳಿ ಕಳಿಸುತ್ತಿದ್ದಳು. ಒಂದೂವರೆ ತಾಸಿನ ಆಪರೇಷನ್ ಆಕೆಯ ಬಾಯಲ್ಲಿ ವಾರದೊಳಗೆ ನಾಲ್ಕು ತಾಸಿಗೆ ಬೆಳೆಯಿತು. ಒಳಗೆ ಅವ್ವ ಸುಖವಾಗಿ ನಿದ್ದೆ ಮಾಡುತ್ತಿದ್ದಳು.

ಎಂಟು-ಹತ್ತು ದಿನದ ಮೇಲೆ ನನಗೊಂದು ಸಂಶಯ ಬಂತು. ಮೊರದಲ್ಲಿದ್ದದ್ದು ಅದೇ ಅಕ್ಕಿ! ಆರಿಸಿದ ಕಲ್ಲುಗಳನ್ನು ಮಾವಶಿ ಒಂದು ವಾಟಗದಲ್ಲಿ ಹಾಕಿಡುತ್ತಿದ್ದಳು, ಮರುದಿನ ಅವನ್ನೇ ಅಕ್ಕಿಗೆ ಸುರಿದು ಮತ್ತೆ ಆರಿಸಲು ಕೂರುತ್ತಿದ್ದಳು. ಕೇಳಿದೆ.

“ಕಲ್ಲು ತೀರಿದ್ರ ನಾ ಇಲ್ಲಿ ಯಾಕ ಕುಂದರ್ಲಿ? ಕಾವಲಾ ಕುಂತಾಳ ಅಂದ್ರ ಜನಕ್ಕ ಸಿಟ್ಟ ಬರ್ತೈತಿ. ಅಕ್ಕಿ ಹಸನ ಮಾಡಾಕತ್ತಾಳ ಅಂದ್ರ ಯಾರಿಗೇನ?”

ಒಂದೂವರೆ ತಿಂಗಳ ಮೇಲೆ ಅವ್ವ ತಾನಾಗಿ ಎದ್ದು ಬಂದು, ಮಾವಶಿಯ ಎದುರು ಕೂತು ಮೊರಕ್ಕೆ ಕೈ ಹಾಕಿದಳು. ಮಾವಶಿ ನನ್ನ ಕಡೆ ನೋಡಿ, ಬಂತು, ಎಚ್ಚರ ಮನೆ ಮುಟ್ಟಿತು ಎಂದು ನಕ್ಕಳು. ಅವತ್ತೇ ಆ ಅಕ್ಕಿ ಅನ್ನವಾಯಿತು.

ಮುಂದೆ ನನ್ನ ಮದುವೆಯಾಗಿ ಬೆಳಗಾವಿಗೆ ಬಂದೆ. ಕೆಲವು ವರ್ಷಗಳ ಮೇಲೆ ಮಾವಶಿಗೂ ಬೆಳಗಾವಿಯಲ್ಲೇ ಹೊಟ್ಟೆಯ ಆಪರೇಷನ್ ಆಗಿ, ಊರಿಗೆ ಹೋದಳೆಂದು ತಿಳಿಯಿತು. ಕುಂದಾ ಕಟ್ಟಿಸಿಕೊಂಡು ಪ್ಯಾಸೆಂಜರ್ ಗಾಡಿ ಹತ್ತಿದೆ. ಮುಟ್ಟಿದಾಗ ಮಧ್ಯಾಹ್ನ ಎರಡೂವರೆ. ಆಕೆಯ ಮನೆಯವರೆಲ್ಲ ಕೆಲಸಕ್ಕೆ ಹೋಗಿದ್ದರು. ಮಾವಶಿ ಎದ್ದು ಗೋಡೆಗೆ ಆತು ಕೂತಳು. ನಾನು ಎರಡು ತಾಸು ಮಾತಾಡಿದೆ... ಮಕ್ಕಳ ಸಾಲಿ, ಅತ್ತೆಯ ಮೊಣಕಾಲು, ಏನೇನೋ. ನಾನು ನಿಲ್ಲಿಸಿದಾಗೆಲ್ಲ ಆಕೆ, “ಮತ್ತ?” ಎನ್ನುತ್ತಿದ್ದಳು. ನಾನು ಹುರುಪಿನಿಂದ ಮತ್ತೆ ಶುರು ಮಾಡುತ್ತಿದ್ದೆ. ಕೊನೆಗೆ ಗೋಡೆ ಹಿಡಿದು ಎದ್ದು ಚಹಾಕ್ಕಿಟ್ಟಳು. ಸಕ್ಕರೆ ಕಡಿಮೆ ಇರಲಿ ಎಂದವಳು ನಾನೇ.

ಹೊರಡುವಾಗ ಕಟ್ಟೆ ಬರಿದಾಗಿತ್ತು. ಮೊರ ಗೋಡೆಗೆ ಆನಿಸಿಟ್ಟಿತ್ತು. ಕಂಡು ಹಳೆಯದು ನೆನೆದು ನಕ್ಕೆನೇ ಹೊರತು, ಚಾಪೆ ಹಾಸಿ ನಾನೊಂದು ದಿನ ಅಲ್ಲಿ ಕೂರಬಹುದಿತ್ತು ಎಂದು ಹೊಳೆಯಲೇ ಇಲ್ಲ. ಆಕೆಯ ಎಚ್ಚರ ಎಲ್ಲಿಯವರೆಗೆ ಬಂದಿದೆ ಎಂದೂ ಕೇಳಲಿಲ್ಲ. ಗಾಡಿ ದೇಸೂರ ದಾಟುವಾಗಲೂ ನೆನಪಾಗಲಿಲ್ಲ. ಮಾವಶಿ ಹೋಗಿ ಈಗ ಬಹಳ ವರ್ಷವಾಯಿತು...

ನಿನ್ನೆ ಮಧ್ಯಾಹ್ನ ಕಣ್ಣು ಹತ್ತುತ್ತಿದ್ದಂತೆ ಬೆಲ್ಲಾಯಿತು. ಮೇಲಿನ ಮನೆಯಾಕೆ ಬಾಳೆಹಣ್ಣು ಹಿಡಿದು ಮಾತಾಡಿಸಲು ಬಂದಿದ್ದಳು. ಒಳ್ಳೆಯ ಹೆಣ್ಣುಮಗಳು. ಎದ್ದು, ಕೂದಲು ಕಟ್ಟಿಕೊಂಡು, ಗೋಡೆಗೆ ಆತು ಕೂತೆ. ತನ್ನ ಅಕ್ಕನ ಆಪರೇಷನ್ನಿನ ಕಥೆಯನ್ನೆಲ್ಲ ಹೇಳಿದಳು. ನನ್ನ ರೆಪ್ಪೆಗಳು ಭಾರವಾಗುತ್ತಿದ್ದವು. ಆಕೆ ಕಥೆ ಮುಗಿಸಿ ನನ್ನ ಮುಖ ನೋಡಿದಳು. ಏನಾದರೂ ಅನ್ನದಿದ್ದರೆ ಆಕೆಗೆ ಬೇಜಾರಾದೀತು ಎನ್ನಿಸಿ ಬಾಯಿ ತೆರೆದೆ.

“ಮತ್ತ?” ಎಂದೆ.

ಆಕೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.