ಶಾರದಕ್ಕನಿಗೆ ಒಗ್ಗದ ಮಾತು

ಯಾರಾದರೂ ‘ಧೈರ್ಯ’ ಎಂದರೆ ಸಾಕು, ಹುಳಿ ಮಜ್ಜಿಗೆ ಬಾಯಿಗೆ ಬಿದ್ದವರ ಹಾಗೆ ಶಾರದಕ್ಕನ ಕೆಳತುಟಿ ಒಂದು ಪಕ್ಕಕ್ಕೆ ಎಳೆದುಕೊಳ್ಳುತ್ತಿತ್ತು.

ಉಡುಪಿ ಕಡೆಯಿಂದ ಈ ಇಂಗ್ಲಿಷರ ನಾಡಿಗೆ ಬಂದವರು. ಅಕ್ಸ್‌ಬ್ರಿಡ್ಜ್‌ನ ಶಾಲೆಯೊಂದರಲ್ಲಿ ಫಿಸಿಕ್ಸ್ ಟೀಚರ್. ಗ್ರೀನ್‌ಫರ್ಡ್‌ನಲ್ಲಿ ನಮ್ಮ ಮೇಲಿನ ಫ್ಲ್ಯಾಟಿನಲ್ಲಿ ಒಬ್ಬರೇ ಇದ್ದರು. ತೊಂಬತ್ತರ ದಶಕದಲ್ಲಿ ನಮ್ಮ ಕನ್ನಡ ಸಂಘದ ಭಾನುವಾರದ ತರಗತಿಯಲ್ಲಿ ಮಕ್ಕಳಿಗೆ ಮೊದಲ ಗಗನಯಾತ್ರಿಗಳ ಕಥೆ ಹೇಳುತ್ತಿದ್ದರು. ಕ್ಷಿಪಣಿಯ ತುದಿಗೆ ಕೂರಿಸಿದ ಗೂಡು, ಅದರೊಳಗೆ ಮಂಡಿ ಮಡಚಿ ಮಲಗಿದ ಮನುಷ್ಯ, ಅವನ ಬೆನ್ನ ಕೆಳಗೆ ಅಷ್ಟೂ ಇಂಧನ. ನೆಲದ ಮೇಲೆ ನಡೆದ ಪರೀಕ್ಷೆಯಲ್ಲೇ ಮೂವರು ಸುಟ್ಟುಹೋದದ್ದನ್ನೂ ಮುಚ್ಚಿಡಲಿಲ್ಲ.

“ಆಂಟಿ, ವರ್ ದೇ ನಾಟ್ ಸ್ಕೇರ್ಡ್?” ನನ್ನ ಮಗಳು ಕೇಳಿದಳು.

“ಹೆದರದೆ ಇರ್ತಾರಾ ಮಗಾ? ಹೆದರಿಕೊಂಡೇ ಹತ್ತಿದ್ದು. ಆದ್ರೆ ಬಾಗಿಲನ್ನು ಒಳಗೆ ಎಳೆದು ತೆರೆಯುವ ಹಾಗೆ ಮಾಡಿದ್ರು. ಬೆಂಕಿ ಹತ್ತಿದಾಗ ಅದು ತೆರೀಲಿಕ್ಕೇ ಆಗ್ಲಿಲ್ಲ. ಅಲ್ಲಿ ಅವರ ಧೈರ್ಯ ಎಂತ ಮಾಡ್ಬೇಕು?”

ಮಕ್ಕಳು ಹೆದರುತ್ತಾರೆಂದು ತಾಯಂದಿರು ದೂರಿದರು. ಟೂಟಿಂಗ್‌ನಲ್ಲಿ ಹೋಟೆಲು ನಡೆಸುತ್ತಿದ್ದ ಸಂಘದ ಅಧ್ಯಕ್ಷರು, “ಸ್ವಲ್ಪ ಇನ್‌ಸ್ಪೈರಿಂಗ್ ಆಗಿ ಹೇಳಿ ಮೇಡಂ” ಎಂದರು. ಶಾರದಕ್ಕ ಬದಲಾಗಲಿಲ್ಲ.

ಒಂದು ದಿನ ಅವರ ಅಡುಗೆಮನೆಯಲ್ಲಿ ಕೇಳಿಯೇಬಿಟ್ಟೆ: “ನಿಮಗೆ ಆ ಪದದ ಮೇಲೆ ಯಾಕಕ್ಕ ಇಷ್ಟು ಕೋಪ?”

ತೊಂಡೆಕಾಯಿ ಹೆಚ್ಚುತ್ತಲೇ ಹೇಳಿದರು. “ನನ್ನ ತಮ್ಮ ಪೈಲಟ್ ಮಾರಾಯ್ತಿ. ಹೊಸ ವಿಮಾನ ಹಾರಿಸಿ ನೋಡುವ ಕೆಲಸ. ಎಂಜಿನ್ ಸರಿ ಇಲ್ಲ ಅಂತ ಎರಡು ಸಲ ಹೇಳಿದ್ದ. ಇನ್ನೊಮ್ಮೆ ಹೇಳಿದ್ರೆ ಪುಕ್ಕಲ ಅಂತಾರೆ ಅಂತ ಸುಮ್ಮನೆ ಹತ್ತಿದ. ಸತ್ತ ಮೇಲೆ ಪದಕ ಕೊಟ್ರು. ಭಾಷಣದಲ್ಲಿ ಧೀರ, ತನಿಖೆಯ ವರದಿಯಲ್ಲಿ ಅವನದ್ದೇ ತಪ್ಪು.”

ಚಾಕು ನಿಲ್ಲಲಿಲ್ಲ.

2003ರಲ್ಲಿ ಬಾಹ್ಯಾಕಾಶದಿಂದ ಮರಳುತ್ತಿದ್ದ ನೌಕೆ ಆಕಾಶದಲ್ಲೇ ಚೂರಾಗಿ ಏಳು ಜನ ಸತ್ತರು. ಮುಂದಿನ ತಿಂಗಳು ಸಂಘದಲ್ಲೂ ಶ್ರದ್ಧಾಂಜಲಿ ಸಭೆ ನಡೆಯಿತು. ಅಧ್ಯಕ್ಷರು ‘ವೀರಮರಣ’ ಎಂದರು. ಚಪ್ಪಾಳೆ ಬಿತ್ತು. ಶಾರದಕ್ಕ ಎದ್ದು ಹೋಗಿ ಮೈಕು ಹಿಡಿದರು.

“ಹಾರಿದ ದಿನವೇ ಇಂಧನದ ಟ್ಯಾಂಕಿನಿಂದ ತುಂಡೊಂದು ಕಳಚಿ ರೆಕ್ಕೆಗೆ ಏಟು ಬಿದ್ದಿತ್ತು. ಫೋಟೋ ತೆಗೆಸಿ ನೋಡುವ ಅಂತ ಎಂಜಿನಿಯರುಗಳು ಕೇಳಿದ್ರು. ಮೇಲಿನವರು ಬೇಡ ಅಂದ್ರು. ಇದು ವೀರಮರಣ ಅಲ್ಲ ಸ್ವಾಮಿ. ಹಾರಿದವರ ಧೈರ್ಯವನ್ನು ಆ ಮೇಲಿನವರು ಪುಕ್ಕಟೆ ತಿಂದದ್ದು.”

“ಮೇಡಂ, ಟೈಮ್ ಆಯ್ತು” ಎಂದು ಅಧ್ಯಕ್ಷರು ಮೈಕು ತೆಗೆದುಕೊಂಡರು. ಯಾರೋ ನಕ್ಕರು. ನಾನು ಶಾರದಕ್ಕನ ಕೋಟು ಎತ್ತಿಕೊಂಡು ಜೊತೆಗೆ ಹೊರಬಿದ್ದೆ. ಒಳಗೆ ಬೋಂಡ ಹಂಚುವ ಗಲಾಟೆ ಶುರುವಾಗಿತ್ತು. ಆಮೇಲೆ ತರಗತಿಗೆ ಅವರನ್ನು ಯಾರೂ ಕರೆಯಲಿಲ್ಲ. ಆ ಗಂಟೆಯಲ್ಲಿ ಮಕ್ಕಳು ನೃತ್ಯ ಕಲಿತರು.

ಮರುವರ್ಷ ಅವರಿಗೆ ಪಾರ್ಶ್ವವಾಯು ಬಡಿದು ಮಾತು ಹೋಯಿತು. ಸ್ಥಳೀಯ ಆಡಳಿತದ ಕೌನ್ಸಿಲ್‌ನವರು ಆರೈಕೆ ಮನೆಯೊಂದಕ್ಕೆ ಸೇರಿಸಿದರು. 2005ರ ಬೇಸಿಗೆಯಲ್ಲಿ ನಾನು ಹೋದಾಗ ಅಲ್ಲಿನ ಟಿವಿಯಲ್ಲಿ ಸುದ್ದಿ ಬರುತ್ತಿತ್ತು. ಆ ದುರಂತದ ನಂತರ ಮೊದಲ ಸಲ ಏಳು ಜನರನ್ನು ಹೊತ್ತ ನೌಕೆ ಹಾರಿದೆ, ಹಾರುವಾಗ ಟ್ಯಾಂಕಿನಿಂದ ಮತ್ತೊಂದು ತುಂಡು ಕಳಚಿ ಬಿದ್ದಿದೆ, ಈ ಬಾರಿ ರೆಕ್ಕೆಗೆ ತಾಗಿಲ್ಲ.

ಶಾರದಕ್ಕ ನನ್ನ ಮಣಿಕಟ್ಟು ಹಿಡಿದರು. ತಿಂಗಳುಗಟ್ಟಲೆ ಮಾತೇ ಹೊರಡದಿದ್ದ ಬಾಯಿ ಬಹಳ ಹೊತ್ತು ಒದ್ದಾಡಿತು.

“ಪುನಃ?” ಎಂದರು.

ನೌಕೆ ಏಳು ಜನರನ್ನೂ ಜೀವಂತವಾಗಿ ಇಳಿಸಿತು. ಅಷ್ಟರೊಳಗೆ ಶಾರದಕ್ಕನ ಹಾಸಿಗೆಗೆ ಬೇರೆ ಯಾರೋ ಬಂದಿದ್ದರು.